ಅಂಬುಸೊಂಡೆ ಬಳ್ಳಿ ನಿಮ್ಮ ಕಡೆ ಎಲ್ಲಿ ಬೆಳೆಯುತ್ತೆ? ಬೇಲಿಯಲ್ಲಾ, ಬಂಡೆ ಮೇಲಾ, ನಾಲೆ ಪಕ್ಕಾನಾ?

ಆನಗೋಡಿನವಳು:
ಎಲ್ಲರಿಗೂ ನಮಸ್ಕಾರ. ಮೊನ್ನೆ ರಾತ್ರಿ ನನ್ನ ತಂಗಿ ಒಂದು ಫೋಟೋ ಕಳಿಸಿದಳು. ಅವಳು ಮದುವೆಯಾದ ಮೇಲೆ ನೆದರ್ಲೆಂಡ್ಸ್‌ನ ನೈಮೇಗನ್ ಊರಲ್ಲಿದ್ದಾಳೆ. ಫೋಟೋದಲ್ಲಿ ಒಂದು ಬಳ್ಳಿ, ನೇರಳೆ ಹೂವು, ಹೂವಿನ ನಡುವೆ ಹಳದಿ ಮೂತಿ, ಪಕ್ಕದಲ್ಲೇ ಕೆಂಪು ಹಣ್ಣಿನ ಗೊಂಚಲು. ಕೆಳಗೆ ಬರೆದಿದ್ದಳು: "ಅಕ್ಕ, ಅಜ್ಜಿ ಕೆಮ್ಮಿಗೆ ಚಟ್ನಿ ಮಾಡ್ತಿದ್ದ ಅಂಬುಸೊಂಡೆ ಇಲ್ಲೂ ಇದೆ! ನದಿ ದಂಡೆ ತುಂಬಾ ಇದೆ. ನಾಳೆ ಕೊಯ್ದು ತರಲಾ?"

ನೋಡಿದ ಕೂಡಲೇ ಫೋನ್ ಮಾಡಿದೆ. ಕಾಂಡದಲ್ಲಿ ಮುಳ್ಳಿದೆಯಾ ಅಂತ ಕೇಳಿದೆ. ಇಲ್ಲ ಅಂದಳು. ಎಲೆ ಬೆನ್ನ ಮೇಲೆ, ನಡುನರದ ಉದ್ದಕ್ಕೂ ಮುಳ್ಳಿದೆಯಾ, ಫೋಟೋ ದೊಡ್ಡದು ಮಾಡಿ ನೋಡು ಅಂದೆ. ಅಲ್ಲೂ ಇಲ್ಲ, ನುಣ್ಣಗಿದೆ ಅಂದಳು. ಹಾಗಾದರೆ ಅದು ನಮ್ಮ ಬಳ್ಳಿ ಅಲ್ಲ, ಬಾಯಿಗೆ ಹಾಕಬೇಡ, ಮಗುವನ್ನೂ ಹತ್ತಿರ ಬಿಡಬೇಡ ಅಂತ ಹೇಳಿ ಫೋನ್ ಇಟ್ಟೆ. ಆಮೇಲೆ ಅವಳೇ ಹುಡುಕಿ ನೋಡಿದಳಂತೆ. ಅದು ಸೊಲಾನಮ್ ದುಲ್ಕಮಾರಾ, ವಿಷದ ಬಳ್ಳಿ.

ಈಗ ನನ್ನ ಪ್ರಶ್ನೆ. ತಂಗಿ ಫೋನಲ್ಲಿ ಇನ್ನೊಂದು ಮಾತು ಕೇಳಿದಳು: "ನಮ್ಮದು ಒಣ ಬೇಲಿಯಲ್ಲಿತ್ತಲ್ವಾ ಅಕ್ಕ, ನೀರಿನ ಹತ್ತಿರ ಬೆಳೆಯಲ್ವಾ?" ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಚಿಕ್ಕಂದಿನಿಂದ ಅದನ್ನು ನೋಡಿದ್ದು ಒಂದೇ ಕಡೆ, ಅಪ್ಪನ ಹೊಲದ ಹಳೇ ಬೇಲಿಯಲ್ಲಿ. ಕತ್ತಾಳೆ ಸಾಲು, ಮಧ್ಯೆ ಮಧ್ಯೆ ಕಾರೆ, ಲಂಟಾನ. ಅದರ ಮೇಲೆಲ್ಲ ಹಬ್ಬಿಕೊಂಡು ಇದು. ಮುಳ್ಳು ಕೊಕ್ಕೆ ಥರ ಹಿಂದಕ್ಕೆ ಬಾಗಿರುತ್ತೆ. ಕೈ ಒಳಗೆ ಹಾಕೋದು ಸುಲಭ, ಹೊರಗೆ ತೆಗೆಯೋದು ಕಷ್ಟ. ಅಜ್ಜಿ ಸೆರಗನ್ನು ಸೊಂಟಕ್ಕೆ ಬಿಗಿದು, ಎರಡೇ ಬೆರಳಲ್ಲಿ ಕುಡಿ ಎಲೆ ಚಿವುಟುತ್ತಿದ್ದಳು. ನಿಮ್ಮ ನಿಮ್ಮ ಕಡೆ ಇದು ಎಲ್ಲೆಲ್ಲಿದೆ, ಹೇಗಿದೆ, ದಯವಿಟ್ಟು ಬರೆಯಿರಿ. ಕಣ್ಣಾರೆ ನೋಡಿದ್ದು ಬೇಕು.

ಶೇಂಗಾ ಹೊಲ, ಚಳ್ಳಕೆರೆ:
ನಮ್ಮ ಕಡೆ ಇದೆ ಅಕ್ಕ. ಹಳ್ಳದ ಅಂಚಲ್ಲಿ ಬಳ್ಳಾರಿ ಜಾಲಿ ಪೊದೆ ಹತ್ತಿಕೊಂಡಿರುತ್ತೆ. ಹಳ್ಳ ಅಂದರೆ ವರ್ಷದಲ್ಲಿ ನಾಲ್ಕು ದಿನ ನೀರು ಹರಿದರೆ ಜಾಸ್ತಿ. ಏಪ್ರಿಲಲ್ಲಿ ಎಲೆ ಎಲ್ಲ ಉದುರಿ ಬರೀ ಮುಳ್ಳಿನ ಹಗ್ಗ ಉಳಿಯುತ್ತೆ, ಸತ್ತಿದೆ ಅಂದುಕೊಂಡಿರುತ್ತೇವೆ, ಮೊದಲ ಮಳೆ ಬಿದ್ದು ವಾರಕ್ಕೆ ಗೆಣ್ಣು ಗೆಣ್ಣಿಗೂ ಚಿಗುರು. ಇದು ಬರಗಾಡಿನ ಗಿಡ, ಅದರಲ್ಲಿ ಎರಡು ಮಾತಿಲ್ಲ. ಮೊಳಕಾಲ್ಮೂರು ಗಡಿ ಕಡೆ ತೆಲುಗು ಮಾತಾಡುವವರು ಉಚ್ಚಿಂತ ಅಂತಾರೆ.

ನಾಲೆ ಏರಿ, ಹರಿಹರ:
ಎರಡು ಮಾತಿದೆ ಅಣ್ಣ. ನಮ್ಮದು ಭದ್ರಾ ಅಚ್ಚುಕಟ್ಟು, ಭತ್ತದ ಗದ್ದೆ. ನಾಲೆ ಏರಿಯ ಮೇಲೆ ಹೊಂಗೆ ಮರದ ಬುಡದಲ್ಲಿ ಇದೇ ಬಳ್ಳಿ ಇದೆ, ಮುಳ್ಳೂ ಇದೆ, ಎಲೆ ಬೆನ್ನಿಗೆ ಕೊಕ್ಕೆಯೂ ಇದೆ. ಆದರೆ ಎಲೆ ನನ್ನ ಅಂಗೈಯ ಮುಕ್ಕಾಲು ಭಾಗ ಬರುತ್ತೆ, ತೆಳ್ಳಗೆ, ಕಡು ಹಸಿರು. ವರ್ಷವಿಡೀ ಹಸಿರು. ನಾಲೆಯಲ್ಲಿ ನೀರು ಬಿಟ್ಟಾಗ ಬೇರಿಗೆ ತೇವ ಸಿಗುತ್ತೆ. ಹೊಂಗೆಯ ಮೇಲೆ ಎರಡಾಳು ಎತ್ತರ ಹತ್ತಿದೆ. ನೀವು ಹೇಳುವ ಮುಳ್ಳಿನ ಹಗ್ಗವನ್ನು ನಾನು ನೋಡೇ ಇಲ್ಲ. ನನ್ನ ಪ್ರಕಾರ ಇದಕ್ಕೆ ನೀರು ಇಷ್ಟ, ಚಳ್ಳಕೆರೆಯಲ್ಲಿ ಹೇಗೋ ಜೀವ ಹಿಡಿದುಕೊಂಡಿದೆ ಅಷ್ಟೇ.

ಮಳೆಹುಡುಗ:
ನಮ್ಮ ಮನೆ ಹಿಂದೆ ಬಚ್ಚಲು ನೀರು ಹೋಗೋ ಕಡೆ ತುಂಬಾ ಇದೆ. ಕಪ್ಪು ಹಣ್ಣು ಬಿಡುತ್ತೆ, ಮಕ್ಕಳು ತಿಂತಾರೆ. ಅದೇ ಅಲ್ವಾ?

ಕೋಟೆ ಮೇಷ್ಟ್ರು, ಚಿತ್ರದುರ್ಗ:
ಅದು ಗಣಿಕೆ ಮಗು. ಕಾಗೆ ಹಣ್ಣು ಅಂತಲೂ ಕರೆಯುತ್ತಾರೆ. ಬಳ್ಳಿ ಅಲ್ಲ, ಮೊಣಕಾಲೆತ್ತರದ ಗಿಡ, ಹೂವು ಬಿಳಿ, ಮುಳ್ಳಿಲ್ಲ. ಹಸಿರು ಕಾಯಿ ಮಾತ್ರ ತಿನ್ನಬೇಡಿ ಅಂತ ಮಕ್ಕಳಿಗೆ ಹೇಳಿ, ಚೆನ್ನಾಗಿ ಕಪ್ಪಾದ ಮೇಲೆ ಸರಿ.

ಎಲ್ಲರೂ ಒಂದೇ ಗಿಡದ ಬಗ್ಗೆ ಮಾತಾಡುತ್ತಿದ್ದೇವಾ ಅಂತ ಮೊದಲು ಗಟ್ಟಿ ಮಾಡಿಕೊಳ್ಳೋಣ. ನಾನು ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವನು, ಈ ಗೊಂದಲ ಪ್ರತಿ ವರ್ಷ ಬರುತ್ತಿತ್ತು. ಬದನೆ, ಟೊಮೆಟೊ, ಆಲೂಗಡ್ಡೆ, ಗಣಿಕೆ, ನೆಲಗುಳ್ಳ, ಸೊಂಡೆ ಎಲ್ಲ ಸೊಲಾನಮ್ ಅನ್ನುವ ಒಂದೇ ಮನೆತನ. ನಮ್ಮ ಅಂಬುಸೊಂಡೆ ಸೊಲಾನಮ್ ಟ್ರೈಲೋಬೇಟಮ್. ಎಲೆಗೆ ಮೂರು ಹಾಲೆ ಇರೋದರಿಂದ ಆ ಹೆಸರು, ಕೆಲವು ಎಲೆಯಲ್ಲಿ ಐದೂ ಇರುತ್ತೆ. ತಂಗಿಯವರು ನೋಡಿದ ದುಲ್ಕಮಾರಾಕ್ಕೂ ನಮ್ಮದಕ್ಕೂ ಹೆಸರಿಟ್ಟವರು ಒಬ್ಬರೇ, ಲಿನೇಯಸ್, 1753ರಲ್ಲಿ. ದುಲ್ಕಮಾರಾ ಅಂದರೆ ಸಿಹಿಕಹಿ ಅಂತ ಅರ್ಥ.

ಎರಡಕ್ಕೂ ಹಾಗಲ ಬಳ್ಳಿಯ ಥರ ಸುತ್ತಿ ಹಿಡಿಯುವ ಕುಡಿಬಳ್ಳಿ ಇಲ್ಲ. ನಮ್ಮದು ಮುಳ್ಳಿನ ಕೊಕ್ಕೆ ಹಾಕಿ ಹತ್ತುತ್ತೆ. ಅದು ಸುಮ್ನೆ ಬೇರೆ ಗಿಡದ ಮೇಲೆ ಒರಗಿಕೊಂಡು, ಕೊಂಬೆ ಸಂದಿಯಲ್ಲಿ ತೂರಿಕೊಂಡು ಮೇಲೆ ಹೋಗುತ್ತೆ. ಗುರುತು ಹಿಡಿಯೋದು ಕಷ್ಟವಲ್ಲ. ದುಲ್ಕಮಾರಾದ ಹೂವಿನ ಒಂದೊಂದು ಎಸಳ ಬುಡದಲ್ಲೂ ಎರಡೆರಡು ಹಸಿರು ಚುಕ್ಕೆ ಇರುತ್ತೆ, ಎಸಳು ಹಿಂದಕ್ಕೆ ಮಡಚಿರುತ್ತೆ, ಹಣ್ಣು ಮೊಟ್ಟೆಯಾಕಾರ. ನಮ್ಮದರ ಹಣ್ಣು ಗುಂಡಗೆ. ಎಲ್ಲಕ್ಕಿಂತ ಮೇಲೆ ಆನಗೋಡಿನ ತಾಯಿ ಕೇಳಿದ ಪ್ರಶ್ನೆಯೇ ಸರಿಯಾದ ಪರೀಕ್ಷೆ, ಮುಳ್ಳಿದೆಯಾ ಇಲ್ವಾ. ಅಂತರ್ಜಾಲದಲ್ಲಿ ಬರೀ ಫೋಟೋ ನೋಡಿ ಸೊಪ್ಪು ಕೊಯ್ಯಬೇಡಿ. ಕಹಿಸೊಪ್ಪಿನ ಲೇಖನದ ಪಕ್ಕದಲ್ಲಿ ದುಲ್ಕಮಾರಾದ ಚಿತ್ರ ಹಾಕಿದ್ದನ್ನು ನಾನೇ ಎರಡು ಸಲ ನೋಡಿದ್ದೇನೆ.

ಇನ್ನು ಜಾಗದ ವಿಷಯ. ನಮ್ಮ ಕೋಟೆಯ ಮೇಲೆ ನೋಡಿದ್ದೇನೆ. ಹಳೇ ಗೋಡೆಯ ಕಲ್ಲು ಕಲ್ಲಿನ ಸಂದಿಯಲ್ಲಿ, ಹಿಡಿಯಷ್ಟೂ ಮಣ್ಣಿಲ್ಲದ ಕಡೆ. ಅಲ್ಲಿ ಅದು ಬಳ್ಳಿಯೇ ಅಲ್ಲ. ಹತ್ತಲು ಏನೂ ಇಲ್ಲದ್ದರಿಂದ ಬಂಡೆಗೆ ಅಂಟಿಕೊಂಡು ಗೇಣುದ್ದ ಹರಡಿರುತ್ತೆ. ಎಲೆ ನನ್ನ ಹೆಬ್ಬೆರಳಿನ ಉಗುರಿನಷ್ಟು, ದಪ್ಪ, ಮುಟ್ಟಿದರೆ ತೊಗಲು ಮುಟ್ಟಿದ ಹಾಗೆ. ಮುಳ್ಳು ಮಾತ್ರ ಒತ್ತೊತ್ತಾಗಿ. ಮೊದಲ ಸಲ ನೋಡಿದಾಗ ಬೇರೆ ಜಾತಿ ಅಂದುಕೊಂಡೆ. ಹೂವು ಬಿಟ್ಟ ಮೇಲೆ ಗೊತ್ತಾಯಿತು.

ಶೇಂಗಾ ಹೊಲ, ಚಳ್ಳಕೆರೆ:
ಮೇಷ್ಟ್ರೇ, ಹಾಗಾದರೆ ಹರಿಹರದ್ದು, ಕೋಟೆಯದ್ದು, ನಮ್ಮದು ಮೂರೂ ಬೇರೆ ಬೇರೆ ತಳಿ ಇರಬಹುದಾ? ಶೇಂಗಾದಲ್ಲಿ ತಳಿ ಇರುವ ಹಾಗೆ?

ಕೋಟೆ ಮೇಷ್ಟ್ರು, ಚಿತ್ರದುರ್ಗ:
ಬಹಳ ಒಳ್ಳೆ ಪ್ರಶ್ನೆ. ಇದೇ ಪ್ರಶ್ನೆಯನ್ನು ದುಲ್ಕಮಾರಾದ ಮೇಲೆ ಯುರೋಪಿನವರು ತುಂಬಾ ವರ್ಷ ಕೇಳಿದ್ದಾರೆ. ಯಾಕೆಂದರೆ ಅದು ಬೆಳೆಯದ ಜಾಗವೇ ಕಡಿಮೆ. ಕಾಡಿನ ನೆರಳು, ಬಯಲು, ಜೌಗು, ಹೊಲದ ಬೇಲಿ, ಚರಂಡಿ, ಮರಳ ದಿಬ್ಬ, ಪಾಳುಗೋಡೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಸಮುದ್ರದ ದಂಡೆ ಅಂದರೆ ಬರೀ ಉರುಟು ಕಲ್ಲು, ಆ ಕಲ್ಲಿನ ರಾಶಿಯ ಮೇಲೂ ಇದೆ. ಅಲ್ಲಿ ಅದು ಹತ್ತೋದಿಲ್ಲ, ನೆಲಕ್ಕೆ ಒರಗಿ ಹರಡುತ್ತೆ, ಎಲೆ ದಪ್ಪ ರಸಭರಿತ. ಅದನ್ನು ಮರೈನಮ್ ಅಂತ ಬೇರೆ ಬಗೆಯಾಗಿಯೇ ಕರೆದಿದ್ದಾರೆ. ಅದನ್ನು ಓದಿದಾಗ ನನಗೆ ನಮ್ಮ ಕೋಟೆ ಗೋಡೆಯ ಬಳ್ಳಿ ಕಣ್ಣ ಮುಂದೆ ಬಂತು.

1970ರ ದಶಕದಲ್ಲಿ ನೆರಳಲ್ಲಿ ಬೆಳೆದದ್ದನ್ನೂ ಬಿಸಿಲಲ್ಲಿ ಬೆಳೆದದ್ದನ್ನೂ ತಂದು ಬೆಳಕು ಕಡಿಮೆ ಜಾಸ್ತಿ ಮಾಡಿ ಬೆಳೆಸಿ ನೋಡಿದರು. ಎರಡೂ ಹುಟ್ಟಿನಿಂದಲೇ ಬೇರೆ ಅಂತ ಮೊದಲು ಬರೆದರು. ಆಮೇಲೆ ಇನ್ನೊಂದು ಗುಂಪಿನವರು ನೋಡಿದಾಗ, ಒಂದೇ ಗಿಡದ ತುಂಡುಗಳೇ ಬೆಳಕಿಗೆ ತಕ್ಕ ಹಾಗೆ ಎಲೆ ಬದಲಾಯಿಸಿಕೊಳ್ಳುತ್ತವೆ ಅಂತ ಕಂಡಿತು. 2016ರಲ್ಲಿ ಡಚ್ಚರು ಒಣ ಮರಳು ದಿಬ್ಬದ ಗಿಡಗಳನ್ನೂ ಜೌಗಿನ ಗಿಡಗಳನ್ನೂ ಹೋಲಿಸಿದರು. ಒಳಗಿನ ವಂಶವಾಹಿಯಲ್ಲಿ ವ್ಯತ್ಯಾಸ ಇತ್ತು, ಆದರೆ ಬರಕ್ಕೆ, ನೆರೆಗೆ ಹೊಂದಿಕೊಳ್ಳುವ ರೀತಿಯಲ್ಲಿ ವ್ಯತ್ಯಾಸ ಇರಲಿಲ್ಲ. ಜೌಗಿನಲ್ಲಿ ಹುಟ್ಟಿದ್ದಕ್ಕೂ ಬರ ತಡೆಯೋದು ಗೊತ್ತು, ಮರಳಲ್ಲಿ ಹುಟ್ಟಿದ್ದಕ್ಕೂ ನೀರಲ್ಲಿ ನಿಲ್ಲೋದು ಗೊತ್ತು.

ಅದು ಅವರ ಬಳ್ಳಿ, ನಮ್ಮದಕ್ಕೆ ಹಾಗೇ ಅಂತ ಹೇಳೋಕೆ ಬರಲ್ಲ. ಆದರೆ ನೀವೇ ಮಾಡಿ ನೋಡಬಹುದು. ಚಳ್ಳಕೆರೆಯ ಒಂದು ಕಡ್ಡಿ, ಹರಿಹರದ ಒಂದು ಕಡ್ಡಿ ಒಂದೇ ಕುಂಡದಲ್ಲಿ ನೆಡಿ. ಆರು ತಿಂಗಳಿಗೆ ಎಲೆ ಒಂದೇ ಥರ ಆದರೆ ಜಾಗದ ಪ್ರಭಾವ, ಆಗದಿದ್ದರೆ ತಳಿಯ ಪ್ರಭಾವ.

ನಾಲೆ ಏರಿ, ಹರಿಹರ:
ನಾನು ಕಡ್ಡಿ ಕೊಡ್ತೇನೆ. ಬಸ್ಸಲ್ಲಿ ಕಳಿಸಬಹುದಾ?

ವಾಲ್ ದಂಡೆ, ನೈಮೇಗನ್:
ನಾನೇ ಆ ತಂಗಿ. ಅಕ್ಕ ಲಿಂಕ್ ಕಳಿಸಿದಳು, ಎಲ್ಲ ಓದಿದೆ. ಎಲ್ಲರಿಗೂ ನಮಸ್ಕಾರ.

ಅವತ್ತಿಂದ ಹೋದಲ್ಲೆಲ್ಲ ಈ ಬಳ್ಳಿಯನ್ನೇ ಹುಡುಕುತ್ತಾ ಇದ್ದೇನೆ. ಇಲ್ಲಿ ಇದನ್ನು ಬಿಟರ್‌ಝೂಟ್ ಅಂತಾರೆ, ಮೇಷ್ಟ್ರು ಹೇಳಿದ ಸಿಹಿಕಹಿ ಅರ್ಥವೇ. ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ವಾಲ್ ನದಿ, ರೈನ್ ನದಿಯ ದೊಡ್ಡ ಕವಲು. ನದಿಗೂ ಏರಿಗೂ ನಡುವೆ ಅಗಲವಾದ ಬಯಲು ಬಿಟ್ಟಿದ್ದಾರೆ, ನದಿ ಉಕ್ಕಿದಾಗ ನೀರು ಅಲ್ಲಿ ನಿಲ್ಲಲಿ ಅಂತ. ಅಲ್ಲಿ ನೀರಂಜಿ ಮರಗಳ ಬುಡದಲ್ಲೆಲ್ಲ ಇದೇ. ಚಳಿಗಾಲದಲ್ಲಿ ಆ ಬಯಲು ಎಷ್ಟೋ ದಿನ ಮುಳುಗಿರುತ್ತೆ. ಇದಕ್ಕೆ ಏನೂ ಆಗಲ್ಲ.

ಯಾಕೆ ಅಂತ ಈಗ ಗೊತ್ತಾಯಿತು. ಹಳೇ ಕಾಂಡ ಹತ್ತಿರದಿಂದ ನೋಡಿದರೆ ಮೈಮೇಲೆ ಸಾಲಾಗಿ ಪುಟ್ಟ ಪುಟ್ಟ ಗುಳ್ಳೆ, ಸಾಸಿವೆ ಕಾಳು ತೊಗಟೆ ಕೆಳಗೆ ಸಿಕ್ಕಿಕೊಂಡ ಹಾಗೆ. ಅವು ಮಲಗಿರುವ ಬೇರಂತೆ! ಮೊದಲೇ ತಯಾರಾಗಿ ಕಾಯುತ್ತಾ ಇರುತ್ತವೆ. ನೀರು ಮೇಲೆ ಬಂದ ಕೂಡಲೇ ಹೊರಗೆ ಬರುತ್ತವೆ. ನಮ್ಮೂರಿನ ರಾಡ್‌ಬೌಡ್ ವಿಶ್ವವಿದ್ಯಾಲಯದವರೇ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ನಾನು ಗ್ಲೌಸ್ ಹಾಕಿಕೊಂಡು ಒಂದು ತುಂಡು ತಂದು ಗಾಜಿನ ಲೋಟದಲ್ಲಿಟ್ಟೆ, ಮಗುವಿಗೆ ಸಿಗದ ಹಾಗೆ ಮೇಲಿನ ಕಿಟಕಿಯಲ್ಲಿ. ಮೂರನೇ ದಿನ ನೀರೊಳಗಿನ ಗುಳ್ಳೆಗಳೆಲ್ಲ ಒಡೆದು ಬಿಳೀ ಬೇರು ಬಂದಿದೆ, ಶಾವಿಗೆ ಥರ. ನೀರಿನ ಮಟ್ಟದಿಂದ ಮೇಲಿನ ಗುಳ್ಳೆ ಒಂದೂ ಅಲುಗಾಡಿಲ್ಲ. ಗೆರೆ ಎಳೆದ ಹಾಗೆ.

ಹೋದ ವಾರ ಸಮುದ್ರಕ್ಕೆ ಹೋಗಿದ್ದೆವು. ಅಲ್ಲಿ ಮರಳು ದಿಬ್ಬದ ಮೇಲೆ, ಕಿತ್ತಳೆ ಬಣ್ಣದ ಹಣ್ಣಿನ ಮುಳ್ಳುಪೊದೆ ಇರುತ್ತೆ, ಅದರೊಳಗೆ ಇದು! ಕೈಯಲ್ಲಿ ಹಿಡಿದರೆ ಬೆರಳ ಸಂದಿಯಲ್ಲಿ ಸೋರುವ ಒಣ ಮರಳು. ನಾಲೆ ದಂಡೆ, ರೈಲ್ವೆ ಬೇಲಿ, ನಮ್ಮ ಸೈಕಲ್ ಶೆಡ್ ಹಿಂದಿನ ಇಟ್ಟಿಗೆ ಗೋಡೆ ಬುಡ, ಎಲ್ಲ ಕಡೆ. ಅಮೆರಿಕಕ್ಕೂ ಇದು ಇಲ್ಲಿಂದಲೇ ಹೋಗಿ ಅಲ್ಲಿನ ಜೌಗು, ರಸ್ತೆ ಬದಿಯಲ್ಲೆಲ್ಲ ಹರಡಿದೆ.

ಇನ್ನೊಂದು ಮಾತು. ಒಂದು ಎಲೆಯನ್ನು ಬಸವನಹುಳ ತಿಂದು ತೂತು ಮಾಡಿತ್ತು. ತೂತಿನ ಅಂಚಲ್ಲಿ ಸಣ್ಣ ಹನಿ ಮಿನುಗುತ್ತಿತ್ತು, ಇರುವೆ ಬಂದು ಕುಡಿಯುತ್ತಿತ್ತು. 2016ರಲ್ಲಿ ಬರ್ಲಿನ್‌ನವರು ಇದನ್ನೇ ಕಂಡುಹಿಡಿದಿದ್ದಾರೆ. ಗಾಯ ಆದ ಕಡೆಯೇ ಈ ಬಳ್ಳಿ ಸಿಹಿರಸ ಒಸರುತ್ತೆ, ಅದಕ್ಕೆ ಇರುವೆ ಬರುತ್ತೆ, ಇರುವೆ ಬಂದರೆ ಹುಳ ದೂರ.

ಆನಗೋಡಿನವಳು:
ಲೋಟ ಇನ್ನೂ ಮೇಲಿನ ಶೆಲ್ಫಿಗೆ ಇಡು. ಕೆಂಪು ಹಣ್ಣು ಮಗು ಕಣ್ಣಿಗೆ ಬೀಳಬಾರದು.

ಟೊಮೆಟೊ ತೋಟ, ಹಿರಿಯೂರು:
ಎಲ್ಲರೂ ಹೊಗಳುತ್ತಿದ್ದೀರಿ. ನಾನು ರೈತನ ಕಡೆಯ ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ನಮ್ಮ ಬೇಲಿಯ ಅಂಬುಸೊಂಡೆಯನ್ನು ಎರಡು ವರ್ಷದ ಹಿಂದೆ ನಾನೇ ಬುಡಸಮೇತ ಕಿತ್ತೆ. ಟೊಮೆಟೊಕ್ಕೆ ಸೊರಗು ರೋಗ ಬಂದು ಅರ್ಧ ಎಕರೆ ಹೋಯಿತು. ಬೆಳಿಗ್ಗೆ ಹಸಿರಾಗಿದ್ದ ಗಿಡ ಮಧ್ಯಾಹ್ನಕ್ಕೆ ಬಾಡಿ ಜೋತುಬಿತ್ತು, ಎಲೆ ಹಳದಿಯೂ ಆಗಲಿಲ್ಲ. ಒಂದೇ ಜಾತಿಯ ಕಾಡುಗಿಡ ಪಕ್ಕದಲ್ಲಿದ್ದರೆ ರೋಗ ಅಲ್ಲಿಂದ ಬರುತ್ತೆ ಅಂದರು. ಬದನೆ ಎಲೆ ಜರಡಿ ಮಾಡುವ ಚುಕ್ಕೆ ದುಂಬಿಯೂ ಇದರ ಮೇಲೆ ಇತ್ತು, ಅದನ್ನು ಕಣ್ಣಾರೆ ನೋಡಿದ್ದೇನೆ.

ಆಮೇಲೆ ನೀರಿನ ವಿಷಯ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿದ್ದಾಗ ವೇದಾವತಿ ದಂಡೆಯ ಹೊಲ ನಮ್ಮದೂ ಮುಳುಗಿತ್ತು. ಕೆಳಗಿನ ಬದುವಿನಲ್ಲಿದ್ದ ಅಂಬುಸೊಂಡೆ ಎಲೆ ಕೊಳೆತು, ಕಾಂಡ ಕಪ್ಪಾಗಿ ಸತ್ತಿತು. ಮೇಲಿನ ಬೇಲಿಯದ್ದು ಉಳಿಯಿತು. ತಂಗಿಯವರ ಬಳ್ಳಿಯ ಥರ ನಮ್ಮದು ನೀರಲ್ಲಿ ನಿಲ್ಲುವ ಜಾತಿ ಅಲ್ಲ. ಹರಿಹರದ ಅಣ್ಣನ ಬಳ್ಳಿ ಏರಿ ಮೇಲಿದೆ, ನಾಲೆ ಒಳಗಿಲ್ಲ, ಅದನ್ನು ಗಮನಿಸಿ.

ನಾಲೆ ಏರಿ, ಹರಿಹರ:
ಹೌದು, ಅದು ನಿಜ. ಏರಿ ಮೇಲೇ ಇದೆ. ಗದ್ದೆ ಬದುವಿನಲ್ಲಿ ಒಂದೂ ಇಲ್ಲ. ಇಷ್ಟು ದಿನ ಹಾಗೆ ಯೋಚನೆಯೇ ಮಾಡಿರಲಿಲ್ಲ.

ಕೋಟೆ ಮೇಷ್ಟ್ರು, ಚಿತ್ರದುರ್ಗ:
ಹಿರಿಯೂರಿನವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ನೆದರ್ಲೆಂಡ್ಸ್‌ನಲ್ಲಿ 1995ರಲ್ಲಿ ಆಲೂಗಡ್ಡೆಗೆ ಕಂದು ಕೊಳೆರೋಗ ದೊಡ್ಡದಾಗಿ ಬಂತು. ನಿಮ್ಮ ಸೊರಗು ರೋಗ ತರುವ ರಾಲ್‌ಸ್ಟೋನಿಯಾ ಬ್ಯಾಕ್ಟೀರಿಯಾ ಬಳಗದ್ದೇ ಅದೂ. ನಾಲೆ ದಂಡೆಯ ದುಲ್ಕಮಾರಾದ ಬೇರು ನೀರಿನಲ್ಲಿ ತೇಲುತ್ತಿರುತ್ತೆ, ಬ್ಯಾಕ್ಟೀರಿಯಾ ಅದರೊಳಗೆ ಉಳಿದುಕೊಂಡು ನೀರಿಗೆ ಸೇರುತ್ತೆ, ಆ ನೀರು ಹಾಯಿಸಿದ ಹೊಲಕ್ಕೆ ರೋಗ. ಬಳ್ಳಿ ಮಾತ್ರ ಹಸಿರಾಗೇ ಇರುತ್ತೆ, ಕಾಯಿಲೆಯ ಗುರುತೇ ತೋರಿಸಲ್ಲ. ಕೊನೆಗೆ ಅಂಥ ಪ್ರದೇಶದಲ್ಲಿ ನಾಲೆ ನೀರನ್ನು ಆಲೂಗಡ್ಡೆಗೆ ಹಾಯಿಸಬಾರದು ಅಂತ ನಿಯಮ ಮಾಡಬೇಕಾಯಿತು.

ಆದರೆ ಕೀಳುವ ಮೊದಲು ಒಂದು ಪರೀಕ್ಷೆ ಮಾಡಿ. ಬಾಡಿದ ಟೊಮೆಟೊ ಗಿಡದ ಕಾಂಡವನ್ನು ಬುಡದ ಹತ್ತಿರ ಅಡ್ಡಕ್ಕೆ ಕತ್ತರಿಸಿ, ತಿಳಿನೀರಿನ ಗಾಜಿನ ಲೋಟದಲ್ಲಿ ತೂಗುಹಾಕಿ, ಅಲುಗಾಡಿಸದೆ ಐದು ನಿಮಿಷ ನೋಡಿ. ಕತ್ತರಿಸಿದ ಕಡೆಯಿಂದ ಹಾಲಿನ ಥರ ಬಿಳಿ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾ. ಬೇಲಿಯ ಬಳ್ಳಿಯದ್ದನ್ನೂ ಹಾಗೇ ನೋಡಿ, ಆದರೆ ಅದರಲ್ಲಿ ಎಳೆ ಬರದಿದ್ದರೆ ರೋಗ ಇಲ್ಲವೇ ಇಲ್ಲ ಅಂತ ನಂಬಬೇಡಿ. ಟೊಮೆಟೊ ಮೇಲೆ ಟೊಮೆಟೊ, ಅದರ ಮೇಲೆ ಬದನೆ ಅಂತ ಬೆಳೆದರೆ ಮಣ್ಣಲ್ಲೇ ಇದು ಕೂತಿರುತ್ತೆ, ಬೇಲಿ ಕಿತ್ತರೂ ಹೋಗಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಟೊಮೆಟೊ ಸಾಲಿಗೆ ತಾಗಿದ್ದನ್ನು ತೆಗೆಯಿರಿ, ಆಚೆ ಬೇಲಿಯದ್ದನ್ನು ಬಿಡಿ.

ಟೊಮೆಟೊ ತೋಟ, ಹಿರಿಯೂರು:
ಕಿತ್ತ ಮೇಲೂ ರೋಗ ಬಂತು ಮೇಷ್ಟ್ರೇ. ಅದಕ್ಕೇ ಇಲ್ಲಿ ಓದುತ್ತಾ ಕೂತಿರೋದು. ನಾಳೆ ಲೋಟದ ಪರೀಕ್ಷೆ ಮಾಡುತ್ತೇನೆ.

ಹಕ್ಕಿನೋಟ, ದಾವಣಗೆರೆ:
ತಡವಾಗಿ ಬಂದೆ. ನೀವೆಲ್ಲ ನೀರು, ಮಣ್ಣು, ಬಿಸಿಲು ಅಂತ ಮಾತಾಡುತ್ತಿದ್ದೀರಿ. ನನಗೆ ಕಾಣುವುದು ಬೇರೆ. ನಾನು ಕುಂದವಾಡ ಕೆರೆ, ಕೊಂಡಜ್ಜಿ, ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ಕಾಡು ಎಲ್ಲ ಕಡೆ ಹಕ್ಕಿ ನೋಡಲು ಹೋಗುತ್ತೇನೆ. ಈ ಬಳ್ಳಿ ಬಟ್ಟಬಯಲಿನ ನಡುವೆ ಒಂಟಿಯಾಗಿ ಹುಟ್ಟಿದ್ದನ್ನು ನೋಡಿಲ್ಲ. ಯಾವಾಗಲೂ ಪೊದೆ, ಬೇಲಿ, ಮರದ ಬುಡ, ಗೋಡೆ. ಯಾಕೆಂದರೆ ಹಣ್ಣು ತಿನ್ನುವುದು ಪಿಕಳಾರ. ತಿಂದು ಹೋಗಿ ಎಲ್ಲಿ ಕೂರುತ್ತೆ? ಜಾಲಿ ತುದಿಯಲ್ಲಿ, ಬೇಲಿ ಗೂಟದ ಮೇಲೆ, ಕೋಟೆ ಗೋಡೆಯ ಮೇಲೆ, ನಾಲೆ ಹೊಂಗೆಯಲ್ಲಿ. ಹಿಕ್ಕೆ ಹಾಕುವುದೂ ಅಲ್ಲೇ. ನೀವು ನಾಲ್ಕು ಜನ ಹೇಳಿದ ನಾಲ್ಕು ಜಾಗವೂ ಹಕ್ಕಿ ಕೂರುವ ಜಾಗ, ನೋಡಿ ಬೇಕಾದರೆ. ಬೀಜ ಬೀಳುವ ಕಡೆಯೇ ಹತ್ತಲು ಆಸರೆಯೂ ಇರುತ್ತೆ. ಆಮೇಲೆ ಮಣ್ಣು ಕೆಂಪೋ ಕಪ್ಪೋ, ನೀರು ಇದೆಯೋ ಇಲ್ಲವೋ, ಅದಕ್ಕೆ ತಕ್ಕ ಹಾಗೆ ಎಲೆ ದೊಡ್ಡದು ಚಿಕ್ಕದು ಮಾಡಿಕೊಂಡು ಬಾಳುತ್ತೆ.

ಇನ್ನು ಹೂವು. ಬೆಳಿಗ್ಗೆ ಎಂಟರ ಸುಮಾರಿಗೆ ಬಳ್ಳಿ ಪಕ್ಕ ಸುಮ್ಮನೆ ನಿಂತು ಕೇಳಿ. ದೊಡ್ಡ ಕಪ್ಪು ದುಂಬಿ ಹಾರಿ ಬರುವಾಗ ಒಂದು ಸದ್ದು, ಹೂವಿಗೆ ಜೋತುಬಿದ್ದ ಕೂಡಲೇ ಸದ್ದು ಬದಲಾಗಿ ಕಿರ್ ಅಂತ ಏರುತ್ತೆ. ಬದನೆ ಜಾತಿಯ ಹೂವಿನ ಆ ಹಳದಿ ಮೂತಿಯ ತುದಿಯಲ್ಲಿ ಸಣ್ಣ ತೂತು ಇರುತ್ತೆ, ಉಪ್ಪಿನ ಡಬ್ಬಿಯ ಥರ. ಹಿಡಿದು ನಡುಗಿಸಿದರೆ ಮಾತ್ರ ಪರಾಗ ಉದುರುತ್ತೆ. ಜೇನುಹುಳಕ್ಕೆ ಹಾಗೆ ನಡುಗಿಸಲು ಬರಲ್ಲ. ಈ ಕಪ್ಪು ದುಂಬಿಗೆ, ನೀಲಿ ಪಟ್ಟೆಯ ಸಣ್ಣ ದುಂಬಿಗೆ ಬರುತ್ತೆ. ಟೊಮೆಟೊ, ಬದನೆ ಹೂವನ್ನೂ ಇವು ಹೀಗೇ ನಡುಗಿಸುತ್ತವೆ, ಹಿರಿಯೂರಿನವರು ಗಮನಿಸಿ. ಈಗ ಕಪ್ಪು ದುಂಬಿ ಗೂಡು ಕೊರೆಯುವುದು ಎಲ್ಲಿ? ಒಣಮರದಲ್ಲಿ, ಹಳೇ ಬೇಲಿ ಗೂಟದಲ್ಲಿ, ಹೂಬಿಟ್ಟು ಸತ್ತ ಕತ್ತಾಳೆಯ ದಿಂಡಿನಲ್ಲಿ. ಬೆರಳು ತೂರುವಷ್ಟು ದುಂಡನೆಯ ತೂತು, ಯಂತ್ರದಲ್ಲಿ ಕೊರೆದ ಹಾಗೆ. ಆನಗೋಡಿನ ಅಕ್ಕ ಹೇಳಿದ ಬೇಲಿಯಲ್ಲಿ ಕತ್ತಾಳೆ ಇದೆ, ಕಾರೆ ಇದೆ. ದುಂಬಿಗೆ ಮನೆ, ಹಕ್ಕಿಗೆ ಕೂರುವ ಜಾಗ, ಬಳ್ಳಿಗೆ ಆಸರೆ ಮೂರೂ ಒಂದೇ ಸಾಲಿನಲ್ಲಿ. ತಂತಿಬೇಲಿಯ ಸಿಮೆಂಟ್ ಕಂಬದಲ್ಲಿ ಇದ್ಯಾವುದೂ ಇಲ್ಲ. ಜಗಳೂರು ರಸ್ತೆಯಲ್ಲಿ ಹತ್ತು ವರ್ಷದಲ್ಲಿ ಎಷ್ಟು ಬೇಲಿ ಹೋಯಿತು ಅಂತ ನೆನೆದರೆ ಸಂಕಟ ಆಗುತ್ತೆ.

ಪೇಟೆ ಸೊಸೆ, ದಾವಣಗೆರೆ:
ನಮ್ಮತ್ತೆ ತಮಿಳುನಾಡಿನವರು. ಅವರಿಗೆ ಇದು ತೂದುವಳೈ. ಬೇಲಿ ಇಲ್ಲದಿದ್ದರೂ ಬೆಳೆಯುತ್ತೆ ಅನ್ನೋದಕ್ಕೆ ನಮ್ಮ ಟೆರೇಸೇ ಸಾಕ್ಷಿ. ಹಳೇ ಪೇಂಟ್ ಬಕೆಟ್‌ನಲ್ಲಿ ಹಾಕಿದ್ದಾರೆ, ಕಿಟಕಿ ಗ್ರಿಲ್ ಪೂರ್ತಿ ಹತ್ತಿದೆ. ರಾಮೇಶ್ವರಕ್ಕೆ ಹೋದಾಗ ಸಮುದ್ರದ ಹತ್ತಿರದ ಮರಳಲ್ಲಿ, ತಾಳೆಮರದ ಬುಡದಲ್ಲಿ ತೋರಿಸಿದ್ದರು.

ಕಡ್ಡಿಯಿಂದ ಬರುತ್ತೆ. ಪೆನ್ಸಿಲ್ ದಪ್ಪದ, ಸ್ವಲ್ಪ ಬಲಿತ ಕಡ್ಡಿ, ನಾಲ್ಕು ಗೆಣ್ಣಿರಬೇಕು, ಎರಡು ಮಣ್ಣೊಳಗೆ. ತೀರಾ ಎಳೆಯದು ಕೊಳೆಯುತ್ತೆ. ಹದಿನೈದು ದಿನ ನೆರಳಲ್ಲಿಡಿ, ನೀರು ಚಿಮುಕಿಸಿ, ಸುರಿಯಬೇಡಿ.

ಅಡುಗೆಗೆ ಅತ್ತೆ ಎಳೆ ಎಲೆ ಮಾತ್ರ ತಗೋತಾರೆ. ಒಂದೊಂದು ಎಲೆಯ ಬೆನ್ನಿನ ಮುಳ್ಳನ್ನೂ ಕತ್ತರಿಯಲ್ಲಿ ತೆಗೆದು, ತುಪ್ಪದಲ್ಲಿ ಬಾಡಿಸಿ, ಮೆಣಸು, ಜೀರಿಗೆ, ಬೆಳ್ಳುಳ್ಳಿ ಜೊತೆ ರುಬ್ಬಿ ಹುಣಸೆ ರಸಕ್ಕೆ ಹಾಕುತ್ತಾರೆ. ಶೀತ ಆದಾಗ ಅನ್ನಕ್ಕೆ ಕಲಸಿ ಕೊಡುತ್ತಾರೆ. ಹಣ್ಣು ಮುಟ್ಟಲ್ಲ. ಬಸುರಿಯರಿಗೆ, ಪುಟ್ಟ ಮಕ್ಕಳಿಗೆ ಕೊಡಲ್ಲ. ಒಮ್ಮೆ ಒಂದು ಅಂಗಡಿಯಿಂದ ಇದರ ಪುಡಿ ತಂದಿದ್ದೆ, ಅತ್ತೆ ಮೂಸಿ ನೋಡಿ ಇದು ಅದಲ್ಲ ಅಂತ ಚೆಲ್ಲಿಸಿದರು. ಪುಡಿಯಲ್ಲಿ ಮುಳ್ಳಿದೆಯಾ ಇಲ್ವಾ ಅಂತ ನೋಡೋಕಾಗಲ್ಲ ಅಲ್ವಾ, ಅದಕ್ಕೇ ಈಗ ಗಿಡವೇ ಸರಿ.

ಆನಗೋಡಿನವಳು:
ಎಲ್ಲ ಓದಿದೆ. ಹಕ್ಕಿನೋಟ ಅವರು ಬರೆದದ್ದನ್ನು ಎರಡು ಸಲ ಓದಿದೆ. ಇವತ್ತು ಬೆಳಿಗ್ಗೆ ಆ ಬೇಲಿ ಹತ್ತಿರ ಹೋಗಿದ್ದೆ. ಎರಡು ಕತ್ತಾಳೆ ದಿಂಡು ಒಣಗಿ ನಿಂತಿವೆ. ಒಂದರಲ್ಲಿ ಮೂರು ತೂತು. ಕಿವಿ ಇಟ್ಟರೆ ಒಳಗಿಂದ ಸದ್ದು. ಐವತ್ತು ವರ್ಷದಿಂದ ಆ ಹೊಲ ನಮ್ಮದು, ನಾನು ಒಂದು ಸಲವೂ ಅಲ್ಲಿ ಕಿವಿ ಇಟ್ಟಿರಲಿಲ್ಲ.

ಬಳ್ಳಿಯನ್ನೂ ಎಣಿಸಿದೆ. ಬುಡ ಲೆಕ್ಕಕ್ಕೆ ಹನ್ನೊಂದು. ಒಂಬತ್ತು ಕಾರೆ ಪೊದೆಯಲ್ಲಿ, ಎರಡು ಲಂಟಾನದಲ್ಲಿ. ಬೇಲಿಯ ಪಶ್ಚಿಮದ ತುದಿಯಲ್ಲಿ ಕೃಷಿಹೊಂಡದ ನೀರು ಜಿನುಗುವ ಕಡೆ ಎಲೆ ಹರಿಹರದ ಅಣ್ಣ ಹೇಳಿದಷ್ಟೇ ದೊಡ್ಡದಿದೆ. ಪೂರ್ವದ ತುದಿಯಲ್ಲಿ ಗರಸು ನೆಲ, ಅಲ್ಲಿ ಎಲೆ ಹತ್ತು ಪೈಸೆ ನಾಣ್ಯದಷ್ಟು. ಒಂದೇ ಬೇಲಿ, ಇನ್ನೂರು ಹೆಜ್ಜೆ ಅಂತರ.

ಆದರೆ ಕೆಟ್ಟ ಸುದ್ದಿಯೂ ಇದೆ. ಅಲ್ಲೇ ಚಿಕ್ಕಪ್ಪ ಸಿಕ್ಕರು. ಭಾಗ ಆದ ಮೇಲೆ ಬೇಲಿಯ ಅರ್ಧ ಅವರಿಗೆ ಬಂದಿದೆ. ಮುಂದಿನ ಬುಧವಾರ ಜೆಸಿಬಿ ಬರುತ್ತದಂತೆ, ತೆಗೆಸಿ ತಂತಿ ಹಾಕಿಸುತ್ತಾರಂತೆ. ನಾನು ಅತ್ತುಬಿಟ್ಟೆ. ಅವರು ಒಳ್ಳೆಯವರೇ. ಅಡಿಕೆ ಹಾಕಬೇಕು, ಬೇಲಿಗೆ ಎರಡು ಗುಂಟೆ ಹೋಗುತ್ತೆ ಅಂತ ಅವರ ಲೆಕ್ಕ. ಅದೂ ಸುಳ್ಳಲ್ಲ. ಬಹಳ ಹೊತ್ತು ಮಾತಾಡಿದ ಮೇಲೆ ಪಶ್ಚಿಮದ ಮೂಲೆ, ಕತ್ತಾಳೆ ದಿಂಡು ಇರುವ ಹದಿನೈದು ಹೆಜ್ಜೆಯಷ್ಟು ಬಿಡಲು ಒಪ್ಪಿದ್ದಾರೆ. ಉಳಿದದ್ದು ಹೋಗುತ್ತೆ. ಗರಸು ನೆಲದ ಸಣ್ಣ ಎಲೆಯದ್ದೂ ಅದರಲ್ಲೇ ಹೋಗುತ್ತೆ.

ಶೇಂಗಾ ಹೊಲ, ಚಳ್ಳಕೆರೆ:
ಅಕ್ಕ, ಬುಧವಾರದೊಳಗೆ ಕಡ್ಡಿ ತೆಗೆಯೋಣ. ಭಾನುವಾರ ನಾನು ಬರುತ್ತೇನೆ. ನಮ್ಮ ಹಳ್ಳದ ಬಳ್ಳಿಯ ಕಡ್ಡಿಯನ್ನೂ ತರುತ್ತೇನೆ, ಮೇಷ್ಟ್ರು ಹೇಳಿದ ಕುಂಡದ ಪರೀಕ್ಷೆಗೆ.

ನಾಲೆ ಏರಿ, ಹರಿಹರ:
ನಾನೂ ಬರ್ತೇನೆ. ಬಸ್ಸಲ್ಲಿ ಕಳಿಸುವ ಬದಲು ಕೈಯಲ್ಲೇ ತರುತ್ತೇನೆ.

ಟೊಮೆಟೊ ತೋಟ, ಹಿರಿಯೂರು:
ಲೋಟದಲ್ಲಿ ಬಿಳಿ ಎಳೆ ಬಂತು ಮೇಷ್ಟ್ರೇ, ಟೊಮೆಟೊದಲ್ಲಿ. ಪಕ್ಕದ ಹೊಲದ ಬೇಲಿಯ ಬಳ್ಳಿಯದ್ದು ತಂದು ನೋಡಿದೆ, ಅರ್ಧ ಗಂಟೆ ಕಾದರೂ ನೀರು ತಿಳಿಯಾಗೇ ಇತ್ತು. ಈ ವರ್ಷ ಆ ಜಾಗದಲ್ಲಿ ಮೆಕ್ಕೆಜೋಳ ಹಾಕುತ್ತೇನೆ. ಆನಗೋಡಿನಿಂದ ನನಗೂ ಎರಡು ಕಡ್ಡಿ ಇಡಿ, ತೋಟದಿಂದ ದೂರ ಮನೆ ಹಿತ್ತಲಲ್ಲಿ ಹಾಕುತ್ತೇನೆ.

ಕೋಟೆ ಮೇಷ್ಟ್ರು, ಚಿತ್ರದುರ್ಗ:
ಕೋಟೆಯದ್ದನ್ನು ಕೀಳುವ ಹಾಗಿಲ್ಲ, ಅದು ಸಂರಕ್ಷಿತ ಜಾಗ. ನಾನು ಎಲೆಯ ಅಳತೆ, ಫೋಟೋ ತರುತ್ತೇನೆ. ಪ್ರತಿ ಕಡ್ಡಿಗೂ ಎಲ್ಲಿಯದು, ಯಾವ ಪೊದೆಯ ಮೇಲಿತ್ತು, ಬಿಸಿಲೋ ನೆರಳೋ ಅಂತ ಚೀಟಿ ಕಟ್ಟಬೇಕು. ಪೆನ್ಸಿಲಲ್ಲಿ ಬರೆಯಿರಿ, ಪೆನ್ನಿನದ್ದು ಮಳೆಗೆ ಹೋಗುತ್ತೆ.

ಆನಗೋಡಿನವಳು:
ಹಾಗಾದರೆ ಭಾನುವಾರ ಬೆಳಿಗ್ಗೆ ಏಳಕ್ಕೆ, ಆನಗೋಡು ಬಸ್ ನಿಲ್ದಾಣ. ಎಂಟಕ್ಕೆ ಹೊಲದಲ್ಲಿದ್ದರೆ ದುಂಬಿಯ ಸದ್ದೂ ಕೇಳಬಹುದು. ಕತ್ತರಿ, ಒದ್ದೆ ಗೋಣಿಚೀಲ, ತುಂಬುತೋಳಿನ ಅಂಗಿ ತನ್ನಿ. ತಿಂಡಿ ನಮ್ಮ ಮನೆಯಲ್ಲೇ, ಮಂಡಕ್ಕಿ ಒಗ್ಗರಣೆ, ಮಿರ್ಚಿ. ಚಿಕ್ಕಪ್ಪನನ್ನೂ ಕರೆದಿದ್ದೇನೆ.

ವಾಲ್ ದಂಡೆ, ನೈಮೇಗನ್:
ಅಕ್ಕ, ವಿಡಿಯೋ ಕಾಲ್ ಮಾಡು. ಇಲ್ಲಿ ಬೆಳಗಿನ ಜಾವ ಆಗಿರುತ್ತೆ, ಪರವಾಗಿಲ್ಲ, ಎದ್ದಿರುತ್ತೇನೆ. ಗರಸು ನೆಲದ್ದರ ಒಂದು ಕಡ್ಡಿ ನನ್ನ ಹೆಸರಲ್ಲಿ ನೆಡು.